ಮೆಲೆನೈತೆ ಅತ್ತೆಯ ಹಕ್ಕಿ

ಹಳೆಯ ಕೊಬ್ಬರಿ ಗೋದಾಮಿನಲ್ಲಿ ಚಿತ್ರಗಳ ಪ್ರದರ್ಶನ ಇಡುತ್ತೇನೆ ಎಂದು ತೆಲೇಸಿಯಾ ಹೇಳಿದಾಗ ಮೆಲೆನೈತೆ ಅತ್ತೆ ಬಾಯಲ್ಲಿದ್ದ ಕೆಸುವಿನ ಗೆಡ್ಡೆಯನ್ನು ನಿಧಾನವಾಗಿ ಅಗಿದು ನುಂಗಿದಳು. ಬೆರಳು ಒರೆಸಿಕೊಂಡಳು. ಆಮೇಲೆ ಬಾಯಿ ಬಿಟ್ಟಳು.

“ಯಾರ ಹಾಡು?”

“ನಿಮ್ಮದೇ ಅತ್ತೆ. ಹಕ್ಕಿ ಹಾಡು.”

“ಕುಣಿಯೋಳು ಯಾರು?”

“ಕುಣಿತ ಇಲ್ಲ ಅತ್ತೆ. ಬರೀ ಚಿತ್ರ. ಐದು ಚರಣಕ್ಕೆ ಐದು, ಗೋಡೆ ಮೇಲೆ.”

“ಗೋಡೆ ಮೇಲೆ ಹಲ್ಲೀನೂ ಇರುತ್ತೆ. ಅದನ್ನ ನೋಡೋಕೆ ಯಾರಾದ್ರೂ ಸೊಂಟಕ್ಕೆ ಹಬ್ಬದ ಚಾಪೆ ಕಟ್ಕೊಂಡು ಬರ್ತಾರೇನೇ?”

ಅತ್ತೆಗೆ ಎಪ್ಪತ್ತೊಂಬತ್ತು ವರ್ಷ. ಅವಳು ಪುನಾಕೆ. ಅಂದರೆ ಹಾಡು ಕಟ್ಟುವವಳೂ ಅವಳೇ, ರಾಗ ಹಾಕುವವಳೂ ಅವಳೇ, ಕೈ ಹೀಗೆ ತಿರುಗಲಿ ಕತ್ತು ಹಾಗೆ ಬಾಗಲಿ ಎಂದು ಕುಣಿತ ಕಲಿಸುವವಳೂ ಅವಳೇ. ನಮ್ಮ ವವಾವು ದ್ವೀಪದಲ್ಲಿ ಅವಳ ಹಾಡಿಲ್ಲದೆ ಮದುವೆ ನಡೆಯುವುದಿಲ್ಲ, ಹೊಸ ಇಗರ್ಜಿಯ ಬಾಗಿಲು ತೆರೆಯುವುದಿಲ್ಲ. ಇಷ್ಟು ಸಾಲದು ಎಂಬಂತೆ ತೆಲೇಸಿಯಾಗೆ ಅವಳು ತಂದೆಯ ಅಕ್ಕ. ನಮ್ಮಲ್ಲಿ ತಂದೆಯ ಅಕ್ಕ ಅಂದರೆ ಮುಗಿಯಿತು. ತಮ್ಮನ ಮಕ್ಕಳ ಪಾಲಿಗೆ ಅವಳ ಮಾತೇ ಕಟ್ಟಕಡೆಯ ಮಾತು. ಪಾದ್ರಿಯ ಹತ್ತಿರ ಚೌಕಾಶಿ ಮಾಡಬಹುದು, ಸೋದರತ್ತೆಯ ಹತ್ತಿರ ಆಗದು.

“ನೋಡೇ,” ಎಂದಳು ಅತ್ತೆ. “ನಾನು ಹೊಸ ಹಾಡು ಕಟ್ಟಿದಾಗ ಏನು ಮಾಡ್ತೀನಿ, ಗೊತ್ತಲ್ಲ? ಮೊದಲನೇ ಸಲ ಹಾಡಿಸ್ತೀನಿ. ಕೂತವರಲ್ಲಿ ಒಬ್ಬರಿಗಾದ್ರೂ ಒಳಗೆ ಬಿಸಿ ಹತ್ತಿ, ತಡ್ಕೊಳ್ಳೋಕಾಗದೆ ಎದ್ದು ಬಂದು ಕುಣಿಯೋಳ ಪಕ್ಕ ಕುಣಿದ್ರೆ ಹಾಡು ಉಳೀತು. ಯಾರೂ ಏಳಲಿಲ್ವಾ, ಅದೇ ದಿನ ಅದನ್ನ ಮರೆತುಬಿಡ್ತೀನಿ. ಎಂಥಾ ಹಾಡನ್ನೂ ಸರಿ. ನಿನಗೂ ಅದೇ ಕಾನೂನು. ನಿನ್ನ ಆ ಚಿತ್ರದ ಬಟ್ಟೆ ಮುಂದೆ ಒಬ್ಬರು, ಒಬ್ಬರೇ ಒಬ್ಬರು, ಮೈಮರೆತು ಎದ್ದು ಕುಣೀಲಿ. ಇಲ್ದಿದ್ರೆ ನನ್ನ ಹಾಡುಗಳ ತಂಟೆಗೆ ಇನ್ನು ಬರಬೇಡ. ಬೇಕಾದ್ರೆ ಹಂದಿ ಬರಿ, ದೋಣಿ ಬರಿ.”

“ಆಗ್ಲಿ ಅತ್ತೆ,” ಎಂದಳು ತೆಲೇಸಿಯಾ. ಇನ್ನೇನು ಹೇಳುತ್ತಾಳೆ?

ಇಪ್ಪತ್ತು ವರ್ಷದಿಂದ ಅವಳು ಬರೆದದ್ದೆಲ್ಲ ಅತ್ತೆಯ ಹಾಡುಗಳೇ. ಬೇರೆಯದನ್ನು ಬರೆಯಲು ಅವಳಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಹಾಡು ಹೋದರೆ ಕೈ ಹೋದಂತೆಯೇ.

ಅವಳು ಬರೆಯುವ ರೀತಿಯೇ ಬೇರೆ. ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಚರಣವನ್ನು ಹಾಡಲು ಶುರುಮಾಡುವಳು. ಹತ್ತು ಸಲ, ನೂರು ಸಲ. ಹಾಡುತ್ತ ಹಾಡುತ್ತ ಪದಗಳು ಸವೆದು ಹೋಗಿ ಬರೀ ಉಸಿರು, ಬರೀ ಏರಿಳಿತ ಉಳಿಯುತ್ತಿತ್ತು. ಆಗ ಕುಂಚ ಎತ್ತುವಳು. ಒಂದು ಉಸಿರಿಗೆ ಒಂದು ಗೆರೆ. ಉಸಿರು ಮುಗಿದಲ್ಲಿ ಗೆರೆಯೂ ಮುಗಿಯಬೇಕು. ಕಪ್ಪಿಗೆ ತುಯಿತುಯಿ ಮರದ ಕಾಯಿ ಸುಟ್ಟ ಮಸಿ, ಕೆಂಪಿಗೆ ನಮ್ಮ ಹೆಂಗಸರು ತೊಗಟೆಯ ಬಟ್ಟೆಗೆ ಬಳಿಯುವ ಕೆಂಪು ರಸ, ನೀಲಿ ಮಾತ್ರ ಅಂಗಡಿಯದು. ಎಲ್ಲವನ್ನೂ ಕಲಸುವುದು ತುಯಿತುಯಿ ಎಣ್ಣೆಯಲ್ಲಿ. ಹಬ್ಬದ ದಿನ ಕುಣಿಯುವ ಹುಡುಗಿಯರ ಮೈಗೆ ಬಳಿಯುವುದೂ ಅದೇ ಎಣ್ಣೆ. ಅವಳು ಬರೆಯುವ ದಿನ ಮನೆ ಇಡೀ ಹಬ್ಬದ ವಾಸನೆ ಹೊಡೆಯುತ್ತಿತ್ತು. ಒಂದು ಗೆರೆ ಸರಿಯಾಗಿ ಬಿದ್ದರೆ ಅಂಗಳಕ್ಕೆ ಓಡಿ ಬಂದು ಕೋಳಿಗಳಿಗೆ ಹೇಳುತ್ತಿದ್ದಳು. ಇನ್ನಾರಿಗೆ ಹೇಳಲಿ? ಗಂಡ ವಿಲಿಸೋನಿ ಮೀನಿಗೆ ಹೋಗಿರುತ್ತಿದ್ದ.

ಆಕ್ಲೆಂಡಿನಲ್ಲಿ ಅವಳ ಚಿತ್ರಗಳನ್ನು ಮೂರು ಸಲ ತೂಗುಹಾಕಿದ್ದರು. ಅಲ್ಲಿನವರು ವೈನಿನ ಲೋಟ ಹಿಡಿದು ತಲೆ ಓರೆ ಮಾಡಿ, ಇದರ ಅರ್ಥ ಏನು ಎಂದು ಕೇಳಿದ್ದರು. ಅರ್ಥ ಕೇಳುವವರಿಗೆ ಏನು ಹೇಳುವುದು? ಹೇಳಬೇಕಾದ್ದನ್ನು ನೆಟ್ಟಗೆ ಹೇಳಿಬಿಡುವುದು ನಮ್ಮಲ್ಲಿ ಒರಟುತನ. ಹುಡುಗಿಯನ್ನು ಹೂವು ಅನ್ನುತ್ತೇವೆ, ಅರಸನನ್ನು ಬಿಸಿಲು ಅನ್ನುತ್ತೇವೆ. ಕೇಳುವವನು ತನ್ನಷ್ಟಕ್ಕೆ ತಿಳಿದುಕೊಂಡು ತೆಪ್ಪಗಿರಬೇಕು. ತೆಲೇಸಿಯಾ ಒಮ್ಮೆ ಅತ್ತೆಗೆ ಇದನ್ನೇ ಹೇಳಿದ್ದಳು. “ನೀವು ಹೇಳ್ಬೇಕಾದ್ದು ಬಿಟ್ಟು ಹಕ್ಕಿ ಅಂತೀರಿ. ನಾನು ಹಕ್ಕೀನೂ ಬಿಟ್ಟೆ, ಅಷ್ಟೇ ಅತ್ತೆ.” ಅತ್ತೆ ಹಂದಿಗೆ ಮೇವು ಹಾಕಲು ಎದ್ದು ಹೋಗಿದ್ದಳು. ಹಿತ್ತಲ ಗಿಡ ಮದ್ದಲ್ಲ, ಅದು ಎಲ್ಲ ಊರಿನ ಕಥೆ.

ಈ ಹಕ್ಕಿ ಹಾಡು ಅತ್ತೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಟ್ಟಿದ್ದು. ಉದ್ದ ಬಾಲದ ಬಿಳಿಯ ಕಡಲಹಕ್ಕಿ ಬಂಡೆಯ ಗೂಡು ಬಿಟ್ಟು ದೂರ ಹೋಗುತ್ತದೆ. ಕಾದು ಕಾದು ದಡವೇ ಸವೆಯುತ್ತದೆ. ಕೊನೆಗೆ ಹಕ್ಕಿ ಮರಳುತ್ತದೆ. ‘ಬಂದೆಯಾ, ಬಂದು ಆಚೆ ಕೊಂಬೆಯಲ್ಲಿ ಕೂತೆಯಾ’ ಎಂದು ಹಾಡು ಮುಗಿಯುತ್ತದೆ. ಇಡೀ ದ್ವೀಪಕ್ಕೆ ಅದು ಪ್ರೇಮದ ಹಾಡು. ಆ ಹಕ್ಕಿ ಹಾಪೈ ದ್ವೀಪದ ಒಬ್ಬ ಅಂಬಿಗ, ಬೇರೆ ಹುಡುಗಿಯನ್ನು ಕಟ್ಟಿಕೊಂಡ ಎಂದು ಕೆಲವರು. ಅಲ್ಲ, ಅವನು ಗಡಿಯಾರ ರಿಪೇರಿಯವನು ಎಂದು ಕೆಲವರು. ಅತ್ತೆಯ ಗಂಡನಂತೂ ಸಾಯುವವರೆಗೂ ಆ ಹಕ್ಕಿ ಯಾವನು ಎಂದು ಕೇಳುತ್ತಲೇ ಇದ್ದ, ಪಾಪ. ಅತ್ತೆ ನಕ್ಕುಬಿಡುತ್ತಿದ್ದಳು.

ತೆಲೇಸಿಯಾಗೆ ಮಾತ್ರ ಗೊತ್ತಿತ್ತು. ಆ ಹಕ್ಕಿ ಅಂಬಿಗನೂ ಅಲ್ಲ, ಗಡಿಯಾರದವನೂ ಅಲ್ಲ. ಅವಳ ಅಪ್ಪ ಸೆಮಿಸಿ. ಅತ್ತೆಯ ಒಬ್ಬನೇ ತಮ್ಮ. ಹದಿನೆಂಟು ತುಂಬುತ್ತಲೇ ಸರಕಿನ ಹಡಗು ಹತ್ತಿ ಹೋದವನು ಎರಡು ವರ್ಷ ಪತ್ತೆಯಿಲ್ಲದೆ ಇದ್ದು ಮರಳಿದ. ಅಕ್ಕ ತಮ್ಮನನ್ನು ನೆನೆದು ಅತ್ತರೆ ತಪ್ಪೇನು ಎಂದು ಬೇರೆಯವರು ಕೇಳಬಹುದು. ನಮ್ಮಲ್ಲಿ ಗಂಡುಹುಡುಗನಿಗೆ ಮೀಸೆ ಚಿಗುರಿದ ಮೇಲೆ ಅಕ್ಕನ ಜೊತೆ ಒಂದೇ ಸೂರಿನಡಿ ಮಲಗುವಂತಿಲ್ಲ, ಎದುರು ಕೂತು ಹರಟುವಂತಿಲ್ಲ, ಒಲವಿನ ಮಾತು ಇಬ್ಬರ ನಡುವೆ ಸುಳಿಯುವಂತಿಲ್ಲ. ಎಷ್ಟು ಗೌರವವೋ ಅಷ್ಟು ದೂರ. ಹಾಗಾಗಿ ಅತ್ತೆ ತಮ್ಮನನ್ನು ಹಕ್ಕಿ ಮಾಡಿ, ಊರವರು ಪ್ರಿಯಕರ ಎಂದುಕೊಂಡರೆ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು. ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು. ತೆಲೇಸಿಯಾ ಇದನ್ನು ಬಾಯಿ ಬಿಟ್ಟು ಯಾರಿಗೂ, ಗಂಡನಿಗೂ ಹೇಳಿರಲಿಲ್ಲ. ಹೇಳುವ ಹಾಗಿಲ್ಲದ್ದಕ್ಕೇ ಬರೆದಿದ್ದಳು. ಐದು ಬಟ್ಟೆಯಲ್ಲೂ ಒಂದು ಕಡೆ ಕೆಂಪು, ಒಂದು ಕಡೆ ನೀಲಿ. ಮೇಲೇರುತ್ತವೆ, ಬಾಗುತ್ತವೆ, ಒಂದರತ್ತ ಒಂದು ಹೊರಳುತ್ತವೆ. ಎಲ್ಲೂ ಮುಟ್ಟುವುದಿಲ್ಲ. ನಡುವೆ ಉದ್ದಕ್ಕೂ ಬಿಳಿಯ ಬಟ್ಟೆ ಹಾಗೇ ಖಾಲಿ.

ಪ್ರದರ್ಶನದ ಶನಿವಾರ ಬೆಳಿಗ್ಗೆ ಚಿತ್ರಗಳೆಲ್ಲ ಗೋದಾಮಿನ ಗೋಡೆ ಏರಿದ್ದವು. ವಿಲಿಸೋನಿ ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತ ಹಕ್ಕಿ ಹಾಡನ್ನೇ ಗುನುಗುತ್ತಿದ್ದ. ಕೊನೆಯ ಚರಣಕ್ಕೆ ಬಂದ. ‘ಬಂದೆಯಾ, ಬಂದು ಆಚೆ ಕೊಂಬೆಯಲ್ಲಿ...’ ಕೆಳಗೆ ನೆಲ ಗುಡಿಸುತ್ತಿದ್ದ ತೆಲೇಸಿಯಾ ಪೊರಕೆ ಹಿಡಿದು ಹಾಗೇ ನಿಂತುಬಿಟ್ಟಳು.

“ವಿಲಿ, ಅದನ್ನ ಇನ್ನೊಂದ್ಸಲ ಹೇಳು.”

“ಏನನ್ನ? ಆಚೆ ಕೊಂಬೆಯಲ್ಲಿ ಕೂತೆಯಾ...”

“ಆಚೆ ಕೊಂಬೆ. ಆದ್ರೆ ಮರ ಒಂದೇ ಅಲ್ವೇನೋ!”

“ಮರ ಒಂದೇ. ಅದಕ್ಕೇನೀಗ?”

“ಇಳಿ ಕೆಳಗೆ. ಕೊನೇದನ್ನ ಇಳಿಸು. ನಾನು ತಪ್ಪು ಮಾಡಿದೀನಿ, ನಡುವೆ ಎರಡು ಗೇಣು ಬಿಟ್ಟಿದೀನಿ. ಅಷ್ಟು ದೂರ ಅಲ್ಲ. ಹಕ್ಕಿ ಮನೆಗೆ ಬಂದಿದೆ!”

“ತಲೆ ಕೆಟ್ಟಿದೆಯೇನೇ ನಿಂಗೆ? ಮೂರು ಗಂಟೆಗೆ ಜನ ಬರ್ತಾರೆ. ಎಣ್ಣೆ ಬಣ್ಣ, ಒಣಗೋಕೆ ಮೂರು ದಿನ ಬೇಕು.”

“ಒಣಗದಿದ್ರೆ ಇರಲಿ ಬಿಡು. ಇಳಿಸು ಅಂದ್ರೆ ಇಳಿಸು.”

ಬಟ್ಟೆ ನೆಲಕ್ಕೆ ಬಂತು. ತೆಲೇಸಿಯಾ ಕೂತು ಹಾಡತೊಡಗಿದಳು. ಆವತ್ತು ಹಾಡು ಸವೆಯಲು ನೂರು ಸಲ ಬೇಕಾಗಲಿಲ್ಲ. ನೀಲಿ ಕೆಂಪಿನ ಕಡೆಗೆ ಹೊರಳಿಕೊಂಡು ಬಂತು, ಬಂತು, ಒಂದು ಬೆರಳಿನಷ್ಟು ಬಿಳಿ ಉಳಿದಾಗ ಉಸಿರು ಮುಗಿಯಿತು. ಅಲ್ಲೇ ನಿಂತಳು. ಅವಳಿಗೆ ಮೈ ಜುಮ್ಮೆಂದಿತು. ಎಷ್ಟು ಚೆನ್ನಾಗಿತ್ತೆಂದರೆ ಕೋಳಿಗಳಿಗೆ ಹೇಳಲು ಹೊರಗೆ ಓಡಿ, ಇದು ಮನೆಯಂಗಳವಲ್ಲ, ಬಂದರು ಎಂದು ನೆನಪಾಗಿ, ಅಲ್ಲಿ ಬಲೆ ಒಣಹಾಕುತ್ತಿದ್ದ ಮುದುಕನಿಗೇ “ಬಂತು ಅಜ್ಜಾ, ಬಂತು!” ಎಂದಳು. ಅವನು ದೋಣಿ ಬಂತೇನೋ ಎಂದು ಕಡಲ ಕಡೆ ನೋಡಿದ. ಅವಳು ನಗುತ್ತ ಒಳಗೆ ಬಂದಳು. ವಿಲಿಸೋನಿ ಬೈಯುತ್ತಲೇ ಹಸಿ ಚಿತ್ರವನ್ನು ಮತ್ತೆ ಏರಿಸಿ, ಅದರ ಮುಂದೆ ಒಂದು ಹಗ್ಗ ಕಟ್ಟಿ, ‘ಹಸಿ ಬಣ್ಣ, ಮುಟ್ಟಬೇಡಿ’ ಎಂದು ಹಲಗೆ ತೂಗಿಬಿಟ್ಟ.

ಮೂರು ಗಂಟೆಗೆ ಎಂದರೆ ನಾಲ್ಕೂವರೆಗೆ ಜನ ಬಂದರು. ಬಂದದ್ದು ಮಾತ್ರ ದಂಡಿಯಾಗಿ. ನೆಲದಡಿಯ ಉಮು ಒಲೆಯಲ್ಲಿ ಬೇಯಿಸಿದ ಹಂದಿ, ಕೆಸುವಿನೆಲೆಯಲ್ಲಿ ಕಟ್ಟಿದ ಮಾಂಸ, ಬುಟ್ಟಿ ಬುಟ್ಟಿ ಗೆಣಸು. ಚಾಪೆ ಹಾಸಿದರು, ಕೂತರು. ಹೇಗೆ ಕೂತರು? ಹುಟ್ಟಿದಾಗಿನಿಂದ ಎಲ್ಲ ಸಮಾರಂಭಕ್ಕೂ ಕೂರುವ ಹಾಗೇ. ಗೋಡೆಗೆ ಬೆನ್ನು ಕೊಟ್ಟು, ನಡುವೆ ಕುಣಿಯುವವರಿಗೆ ಜಾಗ ಬಿಟ್ಟು, ಆ ಖಾಲಿ ನೆಲವನ್ನೇ ನೋಡುತ್ತ. ಐದು ಚಿತ್ರಗಳು ಅವರ ತಲೆಯ ಮೇಲಿದ್ದವು. ಇನ್ನೂರು ಜನರಲ್ಲಿ ಒಬ್ಬನಾದರೂ ಕತ್ತು ತಿರುಗಿಸಬೇಕಲ್ಲ! ಕೊನೆಯ ಚಿತ್ರದ ಕೆಳಗೆ ಮಾತ್ರ ಹಗ್ಗ ಕಟ್ಟಿದ್ದರಿಂದ ಯಾರೂ ಕೂತಿರಲಿಲ್ಲ. ಮೂಲೆಯಲ್ಲಿ ಗಂಡಸರು ಕಾವಾ ಬೋಗುಣಿಯ ಸುತ್ತ ಕೂತು, ಚಿಪ್ಪಿನಲ್ಲಿ ಮೊಗೆದು ಕುಡಿಯುತ್ತ, ಯಾವಾಗ ಹಾಡಬೇಕು ಎಂದು ಕಾಯುತ್ತಿದ್ದರು.

ಅತ್ತೆ ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎತ್ತರದ ಚಾಪೆಗಳ ಮೇಲೆ ಅವಳನ್ನು ಕೂರಿಸಿದರು. ಪಾದ್ರಿ ಪ್ರಾರ್ಥನೆ ಮಾಡಿದರು. ಮೀನಿಗಾಗಿ, ಮಳೆಗಾಗಿ, ದೂರ ದೇಶದಲ್ಲಿರುವವರಿಗಾಗಿ, ಕೊನೆಗೆ ಈ ಬಣ್ಣಗಳಿಗಾಗಿಯೂ. ಆಮೆನ್ ಆಯಿತು. ಎಲ್ಲರೂ ನಡುವಿನ ಖಾಲಿ ಜಾಗ ನೋಡಿದರು. ಏನೂ ಆಗಲಿಲ್ಲ. ಒಂದು ಮಗು ಅತ್ತಿತು. ಯಾರೋ ಕೆಮ್ಮಿದರು.

“ಏನೇ, ಯಾವಾಗ ಶುರು?” ತೆಲೇಸಿಯಾಳ ಪಕ್ಕದ ಮನೆಯ ಪಿಸಿಲಾ ಪಿಸುಗುಟ್ಟಿದಳು. ಪಿಸಿಲಾ ದಢೂತಿ ಹೆಂಗಸು, ಬಾಯಿ ಅದಕ್ಕಿಂತ ದೊಡ್ಡದು. ಸತ್ತವರ ಮನೆಯಲ್ಲೂ ನಗಿಸುವವಳು.

“ಶುರು ಆಗಿದೆ ಕಣೇ. ಇದೇ.”

“ಯಾವುದು?”

“ಚಿತ್ರ! ನಿನ್ನ ತಲೆ ಮೇಲೆ! ತಿರುಗಿ ನೋಡ್ರೇ!”

ಪಿಸಿಲಾ ಕತ್ತು ಹಿಂದಕ್ಕೆ ಬಗ್ಗಿಸಿ ನೋಡಿದಳು. ಅವಳನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. “ಚೆನ್ನಾಗಿದೆ, ಚೆನ್ನಾಗಿದೆ,” ಎಂದರು. ಮಳೆ ಬಂದರೂ ಅದನ್ನೇ ಅನ್ನುತ್ತಾರೆ. ಕತ್ತು ನೋಯಿತೇನೋ, ಮತ್ತೆ ಮುಂದಕ್ಕೆ ತಿರುಗಿದರು. ಅತ್ತೆ ತನ್ನ ಜಾಗದಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಪೊರೆ ಬಂದ ಕಣ್ಣು. ಅಷ್ಟು ದೂರಕ್ಕೆ ಕೆಂಪೊಂದು ನೀಲಿಯೊಂದು ಕಂಡರೆ ಹೆಚ್ಚು. ತೆಲೇಸಿಯಾ ಬಾಗಿಲ ಹತ್ತಿರ ನಿಂತು ಕೈ ಕೈ ಹಿಸುಕಿಕೊಂಡಳು. ಬೆಳಿಗ್ಗೆಯ ಸಂತೋಷವೆಲ್ಲ ಸೋರಿಹೋಗಿತ್ತು. ಇಪ್ಪತ್ತು ವರ್ಷ ಇವರ ಹಾಡನ್ನೇ ಬರೆದೆ, ಇವರಿಗೇ ತಟ್ಟಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು.

“ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ,” ಎಂದಳು ಅತ್ತೆ, ಎಲ್ಲರಿಗೂ ಕೇಳುವಂತೆ. “ನಾನು ಹೇಳಿರಲಿಲ್ವಾ? ಸಾಕು ಬಿಡಿ. ಹಂದಿ ಆರಿಹೋಗುತ್ತೆ, ಎಲೆ ಹಾಕಿ.”

ಊಟ ಎಂದ ಮೇಲೆ ಎಲ್ಲವೂ ಮುಗಿದಂತೆಯೇ. ಬಡಿಸುವವರು ಎದ್ದರು. ಆಗ ಪಿಸಿಲಾಗೆ ತಡೆಯಲಾಗಲಿಲ್ಲ. ಗೆಳತಿಯ ಬಾಡಿದ ಮುಖ ನೋಡಿ ಏನಾದರೂ ಮಾಡಬೇಕು ಎನ್ನಿಸಿತೋ, ಕೋಡಂಗಿತನವೇ ಏರಿತೋ, ಎದ್ದು ನಿಂತು ಗಟ್ಟಿಯಾಗಿ ಹೇಳಿದಳು.

“ತಡೀರಿ, ತಡೀರಿ! ಮೈ ತುಂಬಾ ಎಣ್ಣೆ ಹಚ್ಕೊಂಡು ನಿಂತವಳಿಗೆ ಒಂದು ನೋಟೂ ಅಂಟಿಸದೆ ಊಟಕ್ಕೆ ಕೂರೋಕೆ ನಾವೇನು ನಾಚಿಕೆ ಬಿಟ್ಟವರಾ?”

ಒಳ್ಳೆಯ ಕುಣಿತಕ್ಕೆ ಮನಸೋತರೆ ಎದ್ದುಹೋಗಿ, ಎಣ್ಣೆ ಹೊಳೆಯುವ ತೋಳಿಗೋ ಬೆನ್ನಿಗೋ ನೋಟು ಅಂಟಿಸುವುದು ನಮ್ಮ ವಾಡಿಕೆ. ಪಿಸಿಲಾ ಹಗ್ಗದ ಕೆಳಗೆ ನುಸುಳಿದಳು. ಅವಳ ಗಾತ್ರಕ್ಕೆ ಹಗ್ಗವೇ ಕಿತ್ತುಬಂತು. ಅಂಗಿಯೊಳಗಿಂದ ಎರಡು ಪಾಂಗಾದ ಒಂದು ನೋಟು ತೆಗೆದು ಕೊನೆಯ ಚಿತ್ರದ ಮೇಲೆ ಪಟ್ಟೆಂದು ಒತ್ತಿದಳು.

“ಅಯ್ಯೋ, ನನ್ನ ಬಣ್ಣ!” ತೆಲೇಸಿಯಾ ಚೀರಿದಳು.

ನೋಟು ಬೀಳಲಿಲ್ಲ. ಅಲ್ಲೇ ಅಂಟಿಕೊಂಡಿತು. ಪಿಸಿಲಾ ಕೈ ತೆಗೆದು ಹಿಂದೆ ಸರಿದಳು. ಇನ್ನೂರು ಜನರೂ ನೋಡಿದರು.

“ಅಂಟಿತು ಕಣ್ರೋ!” ಎಂದು ಮೂಲೆಯಿಂದ ಒಬ್ಬ ಮುದುಕ ಕೂಗಿದ. ಗೋದಾಮಿಗೆ ಗೋದಾಮೇ ನಕ್ಕಿತು. ಮರುಗಳಿಗೆಗೆ ಎಲ್ಲರೂ ಎದ್ದು ಹಿಂದಕ್ಕೆ ತಿರುಗಿದ್ದರು. ಈಗ ಮುಖ ಗೋಡೆಯ ಕಡೆಗೆ. ಎಣ್ಣೆಯ ಹಸಿ ವಾಸನೆ ಮೂಗಿಗೆ ಬಡಿಯಿತು. ಹುಟ್ಟಿದಾಗಿನಿಂದ ಆ ವಾಸನೆ ಬಂದಲ್ಲಿ ಹಾಡಿರಬೇಕು, ಹಾಡಿಲ್ಲದಿದ್ದರೆ ಮೈಗೆ ಒಗ್ಗುವುದಿಲ್ಲ. ಕಾವಾ ಕುಡಿಯುತ್ತಿದ್ದ ಗಂಡಸರು ಯಾರೂ ಹೇಳದೆ ಹಕ್ಕಿ ಹಾಡು ಎತ್ತಿಕೊಂಡರು. ದಪ್ಪ ದನಿಗಳು ಕೆಳಗಿನಿಂದ, ಹೆಂಗಸರದು ಮೇಲಿನಿಂದ. ಇನ್ನೊಬ್ಬಳು ಬಂದು ನೋಟು ಅಂಟಿಸಿದಳು. ಇನ್ನೊಬ್ಬ ಬಂದ. “ಅಂಚಿಗೆ, ಅಂಚಿಗೆ ಅಂಟಿಸ್ರೋ!” ಎಂದು ವಿಲಿಸೋನಿ ಕೈ ಅಡ್ಡ ಹಿಡಿದು ಕುಣಿದಾಡಿದ. ಅದು ಕುಣಿತವಲ್ಲ, ಗಾಬರಿ.

“ನಿಲ್ಸಿ!”

ಅತ್ತೆಯ ದನಿ. ಹಾಡು ಕತ್ತರಿಸಿ ಬಿತ್ತು.

“ತಮಾಷೆ ಲೆಕ್ಕಕ್ಕಿಲ್ಲ. ಪಿಸಿಲಾ ಎದ್ದಿದ್ದು ಕೋಡಂಗಿ ಎದ್ದ ಹಾಗೆ. ನನ್ನ ಕೋಲು ಕೊಡಿ ಇಲ್ಲಿ. ನನ್ನ ಹಾಡಿಗೆ ಏನು ಮಾಡಿಟ್ಟಿದೀರಿ ಅಂತ ನಾನೇ ನೋಡ್ತೀನಿ.”

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅತ್ತೆ ಕೋಲೂರಿಕೊಂಡು ಬಂದು ಕೊನೆಯ ಚಿತ್ರದ ಮುಂದೆ, ಮೂಗು ತಾಗುವಷ್ಟು ಹತ್ತಿರ ನಿಂತಳು. ತೆಲೇಸಿಯಾ ಅವಳ ಹಿಂದೆ. ಈಗ ಅಪ್ಪಣೆ ಬರುತ್ತದೆ, ಇಳಿಸಿ ಅಂತಾಳೆ, ನಾನು ಇಳಿಸುತ್ತೇನೆ, ಅಷ್ಟೇ, ಎಂದುಕೊಂಡಳು.

ಅತ್ತೆ ಬಹಳ ಹೊತ್ತು ನೋಡಿದಳು. ಕೆಂಪನ್ನು ನೋಡಿದಳು. ನೀಲಿಯನ್ನು ನೋಡಿದಳು. ನಡುವೆ ಒಂದು ಬೆರಳಿನಷ್ಟು ಬಿಳಿ ಇತ್ತಲ್ಲ, ಅಲ್ಲಿಗೆ ಕಣ್ಣು ಬಂತು. ಪಿಸಿಲಾ ಒತ್ತಿದ್ದ ಎರಡು ಪಾಂಗಾ ನೋಟು ಸರಿಯಾಗಿ ಅದರ ಮೇಲೇ ಅಡ್ಡಲಾಗಿ ಕೂತಿತ್ತು, ಈ ಬಣ್ಣದಿಂದ ಆ ಬಣ್ಣಕ್ಕೆ ಹಲಗೆ ಹಾಕಿದಂತೆ.

“ಥೂ!” ಎಂದಳು ಅತ್ತೆ. “ಇಲ್ಲಲ್ಲ! ಇಲ್ಲಿ ಏನೂ ಮುಟ್ಟಬಾರದು! ಕಣ್ಣು ಕಾಣ್ಸಲ್ವಾ ನಿಂಗೆ?”

ಉಗುರಿನ ತುದಿಯಿಂದ ನೋಟನ್ನು ಬಿಡಿಸಿ ಪಕ್ಕಕ್ಕೆ, ಕೆಂಪಿನ ಮೇಲೆ ಅಂಟಿಸಿದಳು. ಬಿಳಿಯ ಮೇಲೆ ಹತ್ತಿದ್ದ ಬಣ್ಣವನ್ನು ತನ್ನ ಉಡುಪಿನ ಅಂಚಿನಿಂದ ನವಿರಾಗಿ ಒರೆಸಿದಳು. ಪಿಸಿಲಾ ಕಕ್ಕಾಬಿಕ್ಕಿಯಾದಳು. ತೆಲೇಸಿಯಾಳ ಎದೆ ಮಾತ್ರ ಒಮ್ಮೆಲೇ ಹಗುರಾಯಿತು. ಅತ್ತೆಗೆ ಗೊತ್ತಾಯಿತು. ಒಂದು ಮಾತೂ ಇಲ್ಲದೆ ಗೊತ್ತಾಯಿತು.

ಅತ್ತೆ ತಿರುಗಲಿಲ್ಲ. ಮೊದಲ ಚಿತ್ರದ ಹತ್ತಿರ ಹೋಗಿ ನಿಂತಳು. “ಹಾಡ್ರೋ,” ಎಂದಳು. “ಮೊದಲಿಂದ. ನಿಧಾನವಾಗಿ.”

ಹಾಡಿದರು. ಮೊದಲ ಚರಣ ಮುಗಿಯುವವರೆಗೆ ಮೊದಲ ಚಿತ್ರ. ಎರಡನೆಯದಕ್ಕೆ ಎರಡನೆಯದು. ಮೂರನೆಯದರಲ್ಲಿ ನಡುವಿನ ಬಿಳಿ ಅಗಲವಾಗಿ, ಇಡೀ ಬಟ್ಟೆಯೇ ಕಡಲಿನಂತೆ ಖಾಲಿಯಾದಾಗ ಅತ್ತೆ ಕೋಲಿನ ಮೇಲೆ ಭಾರ ಹಾಕಿ ತಲೆ ತಗ್ಗಿಸಿದಳು. ನಾಲ್ಕನೆಯದು. ಕೊನೆಯದಕ್ಕೆ ಬಂದಾಗ ದನಿಗಳೆಲ್ಲ ಮೇಲೇರಿದ್ದವು, ತಗಡಿನ ಸೂರು ಅದುರುತ್ತಿತ್ತು. ‘ಬಂದೆಯಾ’ ಎಂದರು. ಅತ್ತೆಯ ಕೈಯಿಂದ ಕೋಲು ಬಿತ್ತು.

ಬಿದ್ದದ್ದಲ್ಲ. ಬಿಸಾಡಿದ್ದು.

ಅವಳು ಕುಣಿದಳು. ರಾಣಿಯಂತೆ ನಡುವೆ ನಿಂತು ಕೈ ಬಳುಕಿಸುವ ಕುಣಿತವಲ್ಲ. ಕುಣಿಯುವವಳ ಪಕ್ಕದಲ್ಲಿ, ಅವಳನ್ನು ಮೆರೆಸಲು ಅಂತಸ್ತಿನಲ್ಲಿ ಕೆಳಗಿನವರು ಕುಣಿಯುತ್ತಾರಲ್ಲ, ಆ ಕುಣಿತ. ಮಂಡಿ ಬಗ್ಗಿಸಿ, ಹಿಂಬದಿ ತಿರುಗಿಸಿ, ಕೈ ತಟ್ಟಿ, ಮುಖ ಸೊಟ್ಟ ಮಾಡಿ, “ಹೋಯ್! ಹೋಯ್!” ಎಂದು ನೆಲ ಗುದ್ದುತ್ತ. ತಂದೆಯ ಅಕ್ಕ, ಎಪ್ಪತ್ತೊಂಬತ್ತು ವರ್ಷದ ಪುನಾಕೆ, ತಮ್ಮನ ಮಗಳು ಬರೆದ ಒಂದು ಬಟ್ಟೆಯ ಮುಂದೆ ಕೋಡಂಗಿಯಾಗಿ ಕುಣಿದಳು. ಇಂಥದನ್ನು ವವಾವು ಕಂಡಿರಲಿಲ್ಲ. “ಮಾಲಿಯೆ! ಮಾಲಿಯೆ!” ಎಂದು ಎದ್ದ ಶಾಭಾಸಿನ ಕೂಗಿಗೆ ಬಂದರಿನ ಕಡಲಕಾಗೆಗಳೆಲ್ಲ ಹಾರಿಹೋದವು. ಪಾದ್ರಿಯೂ ಎದ್ದರು. ಅವರಿಗೆ ಕುಣಿಯಲು ಬರುವುದಿಲ್ಲ ಎಂಬುದು ಆವತ್ತು ಎಲ್ಲರಿಗೂ ಗೊತ್ತಾಯಿತು.

“ಅತ್ತೆ, ಸಾಕು ಅತ್ತೆ, ನೀವು ನನಗೆ ಹೀಗೆ ಮಾಡಬಾರದು!” ತೆಲೇಸಿಯಾ ಓಡಿಬಂದು ಅವಳ ತೋಳು ಹಿಡಿದಳು. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

“ಸುಮ್ನಿರೇ! ನಿನಗ್ಯಾರೇ ಮಾಡ್ತಿದಾರೆ? ಕುಣಿಯೋಳು ಅಲ್ಲಿದಾಳೆ.” ಅತ್ತೆ ಗದ್ದ ಎತ್ತಿ ಚಿತ್ರದ ಕಡೆ ತೋರಿಸಿದಳು. “ಬಿಡು ಕೈ!”

ಹಾಡು 'ಆಚೆ ಕೊಂಬೆ'ಗೆ ಬಂದು ಮುಗಿಯಿತು. ಅತ್ತೆಯನ್ನು ಎತ್ತಿಕೊಂಡೇ ಬಂದು ಚಾಪೆಗಳ ಮೇಲೆ ಕೂರಿಸಿದರು. ಎಳನೀರು ಕೊಟ್ಟರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಹಂದಿ ಕೊಯ್ಯುತ್ತಿದ್ದರು, ಪಿಸಿಲಾ ತಾನೇ ಶುರು ಮಾಡಿದ್ದು ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು. ಆ ಗದ್ದಲದಲ್ಲಿ ಅತ್ತೆ ತೆಲೇಸಿಯಾಳ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು.

“ಯಾರೇ ಹೇಳಿದ್ದು ನಿಂಗೆ?”

“ಯಾರೂ ಹೇಳಲಿಲ್ಲ ಅತ್ತೆ. ನಂಗಾಗ ಎಂಟು ವರ್ಷ. ಚಿಕ್ಕಮ್ಮನ ಮದುವೇಲಿ ಹಕ್ಕಿ ಹಾಡು ಶುರುವಾಯ್ತು. ಅಪ್ಪ ಎದ್ದು ಹೊರಗೆ ಹೋದ.”

“ಯಾವಾಗಲೂ ಹೋಗ್ತಿದ್ದ,” ಎಂದಳು ಅತ್ತೆ. “ಅಕ್ಕನ ಒಲವಿನ ಹಾಡು, ಕೂತು ಕೇಳಬಾರದು ಅಂತ. ಒಳ್ಳೇ ಹುಡುಗ, ಮರ್ಯಾದೆ ಗೊತ್ತು ಅಂತ ಎಲ್ಲರೂ ಹೊಗಳ್ತಿದ್ರು. ನಂಗೆ ಮಾತ್ರ...” ಅತ್ತೆ ಎಳನೀರಿನ ಬುರುಡೆ ಕೆಳಗಿಟ್ಟಳು. “ನಂಗೆ ಹೊಟ್ಟೆ ಉರೀತಿತ್ತು ಕಣೇ. ಅವನಿಗೋಸ್ಕರ ಕಟ್ಟಿದ್ದು, ಅವನೇ ಒಂದ್ಸಲಾನೂ ಪೂರ್ತಿ ಕೇಳಲಿಲ್ವಲ್ಲ ಅಂತ.”

“ನಾನು ಅವನ ಹಿಂದೆ ಹೋದೆ ಅತ್ತೆ. ಆ ದೀವಿಹಲಸಿನ ಮರ ಇತ್ತಲ್ಲ, ಮನೆ ಹಿಂದೆ, ಅದರ ಕೆಳಗೆ ನಿಂತಿದ್ದ. ಒಳಗೆ ನೀವೆಲ್ಲ ಹಾಡ್ತಿದ್ರಿ. ಅವನು ಅಲ್ಲಿ ನಿಂತು ಜೊತೆಗೇ ಹಾಡ್ತಿದ್ದ.”

ಅತ್ತೆಯ ಕೈ ಅವಳ ಕಿವಿಯಿಂದ ಕೆನ್ನೆಗೆ ಇಳಿಯಿತು.

“ಎಲ್ಲಾ ಚರಣಾನೂ?”

“ಐದೂ ಅತ್ತೆ. ಒಂದು ಪದ ತಪ್ಪಿಲ್ಲ. ಕೊನೇದನ್ನ ನೀವು ನಿಲ್ಲಿಸಿದ ಮೇಲೂ ಇನ್ನೊಂದ್ಸಲ ಹಾಡಿದ. ಹಾಡಿ, ಕಣ್ಣೊರೆಸ್ಕೊಂಡು, ‘ಅಕ್ಕ ಎಷ್ಟು ಚೆನ್ನಾಗಿ ಕಟ್ಟಿದಾಳೆ ನೋಡು ಮಗಾ’ ಅಂದ.”

ಅತ್ತೆಗೆ ಅವನಿದ್ದಷ್ಟು ದಿನವೂ ಆ ಹಕ್ಕಿ ತಾನೆಂದು ಅವನಿಗೆ ತಿಳಿದಿತ್ತೋ ಇಲ್ಲವೋ ಎಂದು ಕೇಳಲಾಗದೆ, ಕೇಳುವ ಹಾಗಿಲ್ಲದೆ, ಅವನನ್ನು ಮಣ್ಣಿಗಿಟ್ಟೂ ಆಗಿತ್ತು. ಕಣ್ಣಿಂದ ನೀರು ತನ್ನ ಪಾಡಿಗೆ ಇಳಿಯಿತು, ಅವಳು ಒರೆಸಲೂ ಇಲ್ಲ. ಆಮೇಲೆ ಮೂಗೆಳೆದುಕೊಂಡು, ಪುನಾಕೆಯ ಗತ್ತಿನಲ್ಲಿ ಕೇಳಿದಳು.

“ಶ್ರುತಿ ಸರಿ ಇತ್ತಾ?”

“ಇಲ್ಲ ಅತ್ತೆ,” ಎಂದಳು ತೆಲೇಸಿಯಾ. “ಹಂದಿ ಅರಚಿದ ಹಾಗಿತ್ತು.”

ಅತ್ತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು, ಚಾಪೆಯ ಮೇಲೆ ಉರುಳುವಷ್ಟು ನಕ್ಕಳು. ಏನು, ಏನು ಎಂದು ಸುತ್ತಲಿನವರು ಕೇಳಿದರೆ ಕೈಯಾಡಿಸಿ ಓಡಿಸಿದಳು. “ಗೊತ್ತಿತ್ತು ಕಣೇ,” ಎಂದಳು ಉಸಿರು ಸಿಕ್ಕಿದ ಮೇಲೆ. “ನಮ್ಮಪ್ಪನ ಮಕ್ಕಳಲ್ಲಿ ಶ್ರುತಿ ಬಂದಿದ್ದು ನನಗೊಬ್ಬಳಿಗೇ.” ಆಮೇಲೆ ತೆಲೇಸಿಯಾಳ ಬಣ್ಣ ಮೆತ್ತಿದ ಎರಡೂ ಕೈಗಳನ್ನು ಹಿಡಿದು ಮೂಸಿ ನೋಡಿ, “ನನ್ನ ಹಾಡು ಎಷ್ಟಿವೆಯೋ ಅಷ್ಟೂ ನಿನ್ನವು. ನಾನು ಬದುಕಿರೋವಾಗಲೇ ಬರೆದು ಮುಗಿಸು,” ಎಂದಳು.

ತೆಲೇಸಿಯಾ ತಲೆಯಾಡಿಸಿದಳು.

“ಲೋ ಗಂಡಸರೇ!” ಅತ್ತೆ ಮೂಲೆಯ ಕಡೆಗೆ ಕೂಗಿದಳು. “ತಿಂದಿದ್ದು ಸಾಕು, ಇನ್ನೊಂದ್ಸಲ ಹಾಡ್ರೋ ಅದನ್ನ. ಗಟ್ಟಿಯಾಗಿ ಹಾಡಿ, ಹೊರಗಿರೋರಿಗೂ ಕೇಳಿಸ್ಲಿ.”